ಎರಡನೆಯ ಲಂಗರು

ನಮ್ಮ ಕಡೆಯ ಐದು ತಾಲೂಕುಗಳಿಗೆ ಸಮುದ್ರವಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಹೊರಗಿನವರಿಗೆ ಕಬ್ಬು ನೆನಪಾಗುತ್ತದೆ, ನಿಪ್ಪಾಣಿಯ ತಂಬಾಕು ನೆನಪಾಗುತ್ತದೆ, ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು ನೆನಪಾಗುತ್ತವೆ. ಲಂಗರು ಯಾರಿಗೂ ನೆನಪಾಗುವುದಿಲ್ಲ. ಆದರೆ ಕೃಷ್ಣೆಯ ದಂಡೆಯ ಊರಲ್ಲಿ ಹುಟ್ಟಿದವರಿಗೆ ಅದು ಮನೆಯ ಸಾಮಾನು. ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಕುಂಟೆ, ರಂಟೆ, ಗಳೇವಿನ ಹಗ್ಗಗಳ ಪಕ್ಕದಲ್ಲಿ ನಾಲ್ಕು ಕೊಕ್ಕಿನ ಒಂದು ಕಬ್ಬಿಣದ ಲಂಗರು ಯಾವಾಗಲೂ ಒರಗಿಕೊಂಡಿರುತ್ತಿತ್ತು.

ರಂಟೆಯ ಪಕ್ಕ ಲಂಗರು ಇರುವುದು ಭಾಷೆಯ ದೃಷ್ಟಿಯಿಂದಲೂ ಸರಿಯಾದ ಜಾಗವೇ. ಹೊಳೆಯ ಆಚೆ ದಂಡೆಯ ಮರಾಠಿಯಲ್ಲಿ 'ನಾಂಗರ' ಎಂದರೆ ನೇಗಿಲೂ ಹೌದು, ಲಂಗರೂ ಹೌದು. ಒಂದು ಸಂಸ್ಕೃತದ ಲಾಂಗಲದಿಂದ ಬಂದದ್ದು, ಇನ್ನೊಂದು ಫಾರಸಿಯ ಲಂಗರ್‌ನಿಂದ ಬಂದದ್ದು. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಶಬ್ದಗಳು ಒಂದೇ ಉಚ್ಚಾರಕ್ಕೆ ಬಂದು ನಿಂತಿವೆ. ಅರ್ಥವೂ ಹತ್ತಿರ ಹತ್ತಿರವೇ ಇದೆ. ಎರಡೂ ನೆಲಕ್ಕೆ ಕಚ್ಚುವ ಕಬ್ಬಿಣಗಳು. ಒಂದು ಎಳೆದಷ್ಟೂ ಮುಂದೆ ಸಾಗಬೇಕು, ಇನ್ನೊಂದು ಎಳೆದಷ್ಟೂ ಸಾಗದೆ ನಿಲ್ಲಬೇಕು.

ಎರಡನೆಯ ಲಂಗರಿನ ವಿಚಾರ ನಮ್ಮ ಮನೆಯಲ್ಲಿ ಮೊದಲು ಎದ್ದದ್ದು 2019ರ ಆಗಸ್ಟ್ ತಿಂಗಳ ನಂತರ. ಆ ವರ್ಷದ ಮಹಾಪೂರವನ್ನು ಈ ಭಾಗದವರು ಯಾರೂ ಮರೆತಿಲ್ಲ. 2005ರಲ್ಲಿ ಬಂದಿತ್ತು, 2021ರಲ್ಲಿ ಮತ್ತೆ ಬಂತು. ಆದರೆ 2019ರದು ನಮ್ಮ ಲೆಕ್ಕದ ಗೋಡೆಯ ಮೇಲಿನ ಎಲ್ಲ ಗೆರೆಗಳನ್ನೂ ದಾಟಿ ಬಂದದ್ದು. ದಿನವೂ ಬೆಳಿಗ್ಗೆ ಎದ್ದ ಕೂಡಲೇ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ದೂಧಗಂಗೆ ಎಷ್ಟು ತರುತ್ತಿದ್ದಾಳೆ ಎಂದು ಕೇಳುವುದೇ ಊರಿನ ಮಾತಾಗಿತ್ತು. ವೇದಗಂಗಾ ದೂಧಗಂಗೆಗೆ ಸೇರಿ, ದೂಧಗಂಗಾ ಕೃಷ್ಣೆಗೆ ಸೇರಿ, ಮೇಲೆ ನರಸೋಬವಾಡಿಯಲ್ಲಿ ಪಂಚಗಂಗಾ ಮೊದಲೇ ಕೂಡಿ, ಎಲ್ಲ ನೀರೂ ಒಂದೇ ಪಾತ್ರದಲ್ಲಿ ನಮ್ಮೂರ ಮುಂದೆ ಹಾಯಬೇಕು. ಕುಡಚಿ–ಉಗಾರ ನಡುವಿನ ರಸ್ತೆಯ ಸೇತುವೆ ಮುಳುಗಿತು. ಚಿಕ್ಕೋಡಿ ತಾಲೂಕಿನ ಕಲ್ಲೋಳ–ಯಡೂರ ಬಾಂದಾರದಂಥ ತಗ್ಗಿನ ದಾಟುಗಳು ಅದಕ್ಕೂ ಮೊದಲೇ ಮುಳುಗಿದ್ದವು.

ನಮ್ಮೂರು ರಾಯಬಾಗ ತಾಲೂಕಿನ ದಂಡೆಯ ಒಂದು ಸಣ್ಣ ಊರು. ಆಚೆ ದಂಡೆಯಲ್ಲಿ ನಮ್ಮ ಎಂಟು ಮನೆಯವರ ಹೊಲಗಳಿವೆ. ಅದಕ್ಕಾಗಿ ಎಂಟೂ ಮನೆಯವರು ಪಟ್ಟಿ ಹಾಕಿ ಒಂದು ತಗಡಿನ ದೋಣಿ ಇಟ್ಟುಕೊಂಡಿದ್ದರು. ಅದನ್ನು ನಡೆಸುತ್ತಿದ್ದವರು ನಮ್ಮ ಕಾಕಾ. ಹೊಳೆ ಏರತೊಡಗಿದಾಗ ಕಾಕಾ ಊರಲ್ಲಿರಲಿಲ್ಲ, ಆಸ್ಪತ್ರೆಯಲ್ಲಿದ್ದರು. ಹುಡುಗರು ದೋಣಿಯನ್ನು ದಂಡೆಯ ಮೇಲಿನ ದೊಡ್ಡ ಜಾಲಿ ಮರಕ್ಕೆ ಕಟ್ಟಿದರು. ಒಂದು ಹಗ್ಗ ಸಾಲದು ಎಂದು ಇನ್ನೊಂದು ಹಗ್ಗವನ್ನೂ ಕಟ್ಟಿದರು. ಎರಡೂ ಹೊಸ ಹಗ್ಗಗಳು, ಗಂಟೂ ಗಟ್ಟಿಯಾಗಿದ್ದವು. ರಾತ್ರಿ ಹೊಳೆ ದಂಡೆಯ ಎರೆಮಣ್ಣನ್ನು ಬುಡದಿಂದ ಕೊರೆಯಿತು. ಬೆಳಗಾಗುವಷ್ಟರಲ್ಲಿ ಮರವೇ ಇರಲಿಲ್ಲ. ಎರಡು ಹಗ್ಗಗಳೂ ಮರವೂ ದೋಣಿಯೂ ಕೂಡಿಯೇ ಹೋಗಿದ್ದವು.

ಆಚೆ ದಂಡೆಯ ತೋಟದ ಮನೆಯಲ್ಲಿ ನಮ್ಮ ದೊಡ್ಡಮ್ಮನ ಸಂಸಾರ ಇತ್ತು. ಎಂಬತ್ತು ದಾಟಿದ ಆಯಿ ಇದ್ದಳು, ಎರಡು ಎಮ್ಮೆಗಳಿದ್ದವು. ರಕ್ಷಣಾ ಪಡೆಯ ದೋಣಿ ಅವರನ್ನು ತಲುಪಲು ಒಂದೂವರೆ ದಿನ ಹಿಡಿಯಿತು; ಅವರಿಗೆ ಇನ್ನೂ ಎಷ್ಟೋ ಊರುಗಳಿದ್ದವು. ಜನರೆಲ್ಲ ಬದುಕಿ ಬಂದರು. ದೊಡ್ಡಪ್ಪ ಕಣ್ಣಿ ಬಿಚ್ಚಿ ಬಿಟ್ಟ ಎರಡು ಎಮ್ಮೆಗಳಲ್ಲಿ ಒಂದು ಮೂರು ದಿನದ ಮೇಲೆ ಕೆಳಗಿನ ಊರಿನ ಎತ್ತರದ ದಿನ್ನೆಯ ಮೇಲೆ ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

ಆಸ್ಪತ್ರೆಯಿಂದ ಬಂದ ಕಾಕಾ ಆ ದಂಡೆಯನ್ನು ನೋಡಿ ಯಾರನ್ನೂ ಬೈಯಲಿಲ್ಲ. ಇಷ್ಟೇ ಅಂದರು: "ಹಗ್ಗ ಎರಡಿದ್ವು ಖರೆ, ಮರ ಒಂದ ಇತ್ತಲ್ಲೋ. ಅವು ಎರಡಲ್ಲ, ಒಂದ."

ಈ ಮಾತನ್ನು ನಾನು ನಂತರ ಬಹಳ ಕಡೆ ಹೊಂದಿಸಿ ನೋಡಿದ್ದೇನೆ. ಆದರೆ ಅದರ ಪೂರ್ತಿ ಅರ್ಥ ತಿಳಿದದ್ದು ಕಾಕಾನ ಮಗನಿಂದ, ಅದೂ ಸಮುದ್ರದ ಕಡೆಯಿಂದ. ಆತ ಗೋವೆಯಲ್ಲಿ ದೋಣಿ ರಿಪೇರಿಯ ಕೆಲಸ ಮಾಡುತ್ತಾನೆ. ಎರಡು ವರ್ಷಗಳ ಹಿಂದೆ ಆತ, ಇನ್ನಿಬ್ಬರು ಗೆಳೆಯರು ಸೇರಿ ಮೂವತ್ತೆರಡು ಅಡಿಯ ಹಳೆಯದೊಂದು ಹಾಯಿದೋಣಿಯನ್ನು ಕೊಂಡರು. ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ಕಾರವಾರ, ತದಡಿ, ಮಲ್ಪೆ ಎಂದು ಕರಾವಳಿಯ ಗುಂಟ ಸಾಗುವ ಆಸೆ ಅವರದು. ದೋಣಿಯ ಜೊತೆ ಒಂದು ಲಂಗರು ಬಂದಿತ್ತು. ಎರಡನೆಯದು ಯಾವುದಿರಬೇಕು ಎಂಬುದು ಅವರ ಮೂವರ ನಡುವೆ ತಿಂಗಳುಗಟ್ಟಲೆ ಜಗಳವಾಯಿತು. ದೀಪಾವಳಿಗೆ ಊರಿಗೆ ಬಂದಾಗ ಆ ಜಗಳವನ್ನೂ ಜೊತೆಗೆ ತಂದ.

ಅವರ ಮೊದಲ ಲಂಗರು ನೇಗಿಲಿನ ಆಕಾರದ್ದು, ಸುಮಾರು 16 ಕಿಲೋ ತೂಕದ್ದು. ಇದನ್ನು ಮಾಡಿದವರು ಜಿ. ಐ. ಟೇಲರ್ ಎಂಬ ಇಂಗ್ಲೆಂಡಿನ ಭೌತವಿಜ್ಞಾನಿ. ನೀರು, ಗಾಳಿಗಳ ಹರಿವಿನ ಬಗ್ಗೆ ಅವರು ಬರೆದದ್ದನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅವರಿಗೆ ಹಾಯಿದೋಣಿಯ ಹುಚ್ಚು. 1933ರಲ್ಲಿ ಅವರು ರೂಪಿಸಿದ ಈ ಲಂಗರಿಗೆ 'ಸಿ.ಕ್ಯೂ.ಆರ್.' ಎಂದು ಹೆಸರು. ಬೇಗ ಬೇಗ ಉಚ್ಚರಿಸಿದರೆ ಇಂಗ್ಲಿಷಿನಲ್ಲಿ 'ಭದ್ರ' ಎನ್ನುವ ಶಬ್ದದಂತೆ ಕೇಳಬೇಕೆಂಬುದು ಆ ಹೆಸರಿನ ಚಮತ್ಕಾರ. ಚಿತ್ರ ನೋಡಿದ ಕಾಕಾ, "ಇದು ನಾಂಗರ ಅಲ್ಲೇನೋ, ಹೆಸರು ಏನರೆ ಇಡವಲ್ರ್ಯಾಕ" ಎಂದು ನಕ್ಕರು. ಕೀಲಿರುವ ಕುತ್ತಿಗೆ, ಇಬ್ಬದಿಗೂ ಮಣ್ಣು ಸರಿಸುವ ಎರಡು ರೆಕ್ಕೆ, ನಡುವೆ ಮೊನೆ. ದೋಣಿ ಸುತ್ತ ತಿರುಗಿದರೂ ಇದು ನೆಲದೊಳಗೇ ಹೊರಳಿ ನಿಲ್ಲುತ್ತದೆ ಎಂಬುದು ಇದರ ಗುಣ. ತೀರ ಮೆತ್ತಗಿನ ಕೆಸರಿನಲ್ಲಿ ಗೆರೆ ಹೊಡೆಯುತ್ತ ಸಾಗಿಬಿಡುತ್ತದೆ ಎಂಬುದು ಇದರ ದೋಷ. ನೇಗಿಲಿನ ಹುಟ್ಟುಗುಣ ಹೋಗುವುದೆಲ್ಲಿಗೆ?

ಗೆಳೆಯರಲ್ಲಿ ಒಬ್ಬನ ವಾದ, ಎರಡನೆಯದೂ ಇದೇ ಜಾತಿಯದಿರಲಿ, ಸ್ವಲ್ಪ ದೊಡ್ಡದಿರಲಿ ಎಂಬುದು. ಗೊತ್ತಿರುವ ಸಾಮಾನು, ನಂಬಿಕೆಯ ಸಾಮಾನು. ಕಾಕಾನ ಮಗ ಒಪ್ಪಲಿಲ್ಲ. ಮೊದಲನೆಯದು ಹಿಡಿಯದ ನೆಲದಲ್ಲಿ ಅದೇ ಜಾತಿಯ ಎರಡನೆಯದು ಹಿಡಿಯುತ್ತದೆ ಎನ್ನಲು ಕಾರಣವೇ ಇಲ್ಲ ಎಂಬುದು ಅವನ ತಕರಾರು. ಎರಡನೆಯದು ಬೇಕಾಗುವುದು ಮೊದಲನೆಯದು ಸೋತ ಹೊತ್ತಿನಲ್ಲಿ. ಹಾಗಾದರೆ ಮೊದಲನೆಯದು ಯಾವ ಕಾರಣಕ್ಕೆ ಸೋಲುತ್ತದೋ ಆ ಕಾರಣ ಎರಡನೆಯದಕ್ಕೆ ತಟ್ಟಬಾರದು. ಅಪ್ಪ ಹೇಳಿದ 'ಮರ ಒಂದ ಇತ್ತು' ಎಂಬ ಮಾತನ್ನೇ ಮಗ ತನಗೆ ಗೊತ್ತಿಲ್ಲದೆ ಸಮುದ್ರದ ಭಾಷೆಯಲ್ಲಿ ಹೇಳುತ್ತಿದ್ದ.

ಇನ್ನೂ ಒಂದು ಕಾರಣವಿತ್ತು, ಅದು ತೂಕದ್ದು. ದೋಣಿ ಉಸುಕಿನ ದಿಬ್ಬಕ್ಕೆ ಹತ್ತಿ ಕುಳಿತರೆ ಎರಡನೆಯ ಲಂಗರನ್ನು ಚಿಕ್ಕ ದೋಣಿಯಲ್ಲಿ ಹಾಕಿಕೊಂಡು, ಹುಟ್ಟು ಹಾಕುತ್ತ ಆಳದ ಕಡೆಗೆ ಒಯ್ದು ಕೆಡವಿ ಬರಬೇಕು. ಆಮೇಲೆ ದೋಣಿಯ ಮೇಲೆ ನಿಂತು ಹಗ್ಗ ಜಗ್ಗಿದರೆ ಲಂಗರು ಬರುವುದಿಲ್ಲ, ದೋಣಿಯೇ ಲಂಗರಿನ ಕಡೆಗೆ ಸರಿದು ಉಸುಕಿನಿಂದ ಇಳಿಯುತ್ತದೆ. ಈ ಕೆಲಸವನ್ನು ರಾತ್ರಿ, ಅಲೆಗಳಲ್ಲಿ, ಒಬ್ಬನೇ ಮಾಡಬೇಕಾಗಿ ಬರಬಹುದು. 20 ಕಿಲೋ ಕಬ್ಬಿಣ, ಅದಕ್ಕೆ ಇನ್ನಷ್ಟು ಸರಪಳಿ ಹಿಡಿದು ತೂಗಾಡುವ ಸಣ್ಣ ದೋಣಿಯಲ್ಲಿ ಬಗ್ಗುವವನು ಲಂಗರಿಗಿಂತ ಮೊದಲು ತಾನೇ ನೀರಿಗೆ ಬೀಳುತ್ತಾನೆ.

ಹೀಗಾಗಿ ಅವನ ಒಲವು ಡ್ಯಾನ್‌ಫೋರ್ತ್ ಜಾತಿಯ ಕಡೆಗಿತ್ತು. ಎರಡು ಚಪ್ಪಟೆ ಅಲಗುಗಳು, ನಡುವೆ ಕೀಲು, ಮಡಚಿದರೆ ಗೋಡೆಗೆ ಒರಗಿಸಿಡುವಷ್ಟು ತೆಳು. ಇದು ರೂಢಿಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸೈನಿಕರನ್ನು ದಂಡೆಗೆ ಇಳಿಸುವ ದೋಣಿಗಳು ದಡಕ್ಕೆ ಬರುವಾಗಲೇ ಹಿಂದೆ ಇದನ್ನು ಕೆಡವಿ ಬರುತ್ತಿದ್ದವು. ಇಳಿಸುವ ಕೆಲಸ ಮುಗಿದ ಮೇಲೆ ಅದರ ಹಗ್ಗವನ್ನೇ ಜಗ್ಗಿಕೊಂಡು ಉಸುಕಿನಿಂದ ಹಿಂದೆ ಸರಿಯುತ್ತಿದ್ದವು. ಉಸುಕಿನಲ್ಲಿ, ಕೆಸರಿನಲ್ಲಿ ತನ್ನ ತೂಕಕ್ಕೆ ಮೀರಿ ಹಿಡಿಯುತ್ತದೆ. ಅಲ್ಯುಮಿನಿಯಮ್‌ನಲ್ಲಿ ಮಾಡಿದ್ದಾದರೆ ತೂಕ ನೇಗಿಲು ಲಂಗರಿನ ಅರ್ಧವೂ ಇರುವುದಿಲ್ಲ.

ದೋಷವಿಲ್ಲದ ಲಂಗರು ಇಲ್ಲ. ಡ್ಯಾನ್‌ಫೋರ್ತ್‌ನ ಅಲಗುಗಳ ನಡುವೆ ಒಂದು ಕಲ್ಲು ಸಿಕ್ಕಿಕೊಂಡರೆ ಮುಗಿಯಿತು, ಅದು ನೆಲದ ಮೇಲೆ ಹಲ್ಲುಕಿರಿದುಕೊಂಡು ಜಾರುತ್ತದೆ. ಎಳೆತದ ದಿಕ್ಕು ಒಮ್ಮೆಲೇ ತಿರುಗಿದರೆ ಕಿತ್ತು ಬರಬಹುದು, ಕಿತ್ತು ಬಂದದ್ದು ಮತ್ತೆ ಕಚ್ಚದೆ ಇರಬಹುದು. ಕಾಳಿ, ಅಘನಾಶಿನಿ ನದಿಗಳ ಮುಖದಲ್ಲಿ ಭರತ ಇಳಿತಗಳಿಗೆ ನೀರು ದಿನಕ್ಕೆ ಎರಡು ಸಲ ಒಳಗೆ, ಎರಡು ಸಲ ಹೊರಗೆ ಹರಿಯುತ್ತದೆ. ಅಂಥಲ್ಲಿ ಇದೊಂದನ್ನೇ ನಂಬಿ ಮಲಗುವಂತಿಲ್ಲ. ಅದಕ್ಕೆ ಅಲ್ಲಿ ಎರಡು ಲಂಗರುಗಳನ್ನೂ ಮೂತಿಯ ಕಡೆಯಿಂದಲೇ ಇಳಿಸಿ, ಒಂದನ್ನು ಮೇಲುಗಡೆಗೆ, ಒಂದನ್ನು ಕೆಳಗಡೆಗೆ ಹಾಕುವ ಪದ್ಧತಿ ಇದೆ. ನೀರು ಹೇಗೆ ತಿರುಗಿದರೂ ಒಂದಲ್ಲ ಒಂದರ ಮೇಲೆ ಸರಿಯಾದ ದಿಕ್ಕಿನ ಎಳೆತ ಬೀಳುತ್ತದೆ.

ಈ ಮಾತೆಲ್ಲ ನಡೆದದ್ದು ನಮ್ಮ ಹೊಸ ದೋಣಿಯ ಎದುರಿಗೇ. ಎಂಟು ಮನೆಯವರು ಮತ್ತೆ ಪಟ್ಟಿ ಹಾಕಿ ಇನ್ನೊಂದು ತಗಡಿನ ದೋಣಿ ಮಾಡಿಸಿದ್ದರು. ಅದಕ್ಕೂ ಎರಡನೆಯ ಲಂಗರು ಬೇಕಿತ್ತು. ಇದ್ದದ್ದು ಪಡಸಾಲೆಯ ಹಳೆಯ ನಾಲ್ಕು ಕೊಕ್ಕಿನದು. ಅದು ಯಾವ ನೆಲಕ್ಕೆ ಒಳ್ಳೆಯದು ಎಂದು ಕಾಕಾಗೆ ಬೆರಳ ತುದಿಯಲ್ಲಿ ಗೊತ್ತಿತ್ತು. ನಮ್ಮ ಕಡೆ ಹೊಳೆಯ ದಂಡೆಗೆ ಎರೆಮಣ್ಣು, ತಳಕ್ಕೆ ಕರಿಕಲ್ಲಿನ ಹಾಸು, ನಡುನಡುವೆ ಉಸುಕು, ಬಾಂದಾರಗಳ ಹಿಂದೆ ನಿಂತ ನೀರಿನಲ್ಲಿ ಹೂಳು. ಕೊಕ್ಕಿನ ಲಂಗರು ಕರಿಕಲ್ಲಿನ ಸಂದಿಗೆ ಸಿಕ್ಕರೆ ಆನೆ ಎಳೆದರೂ ಬರುವುದಿಲ್ಲ. ಹೂಳಿನಲ್ಲಿ ಬಿದ್ದರೆ ಬಾಚಣಿಕೆಯಂತೆ ಬಾಚುತ್ತ ಬರುತ್ತದೆ.

"ಹಂಗಾದ್ರ ನಮಗೂ ಅಲಗಿಂದ ಬೇಕಲ್ಲ ಕಾಕಾ? ನೀವೇನಂತೀರಿ?" ಎಂದೆ.

"ಬೇಕು. ಸಮುದ್ರದಾಗ ನೀರು ತಿರಗತೈತಿ ಅಂದ ಇಂವ. ನಮ್ಮ ಹೊಳಿ ತಿರಗೂದಿಲ್ಲ ನೋಡಪಾ. ಒಂದ ದಿಕ್ಕಿಗಿ ಹೋಗತೈತಿ."

ಡ್ಯಾನ್‌ಫೋರ್ತ್‌ನ ದೊಡ್ಡ ದೋಷ ನಮ್ಮ ನೀರಿನಲ್ಲಿ ಅರ್ಧದಷ್ಟು ಕಡಿಮೆಯಾಯಿತು. ಅದೇ ಕಬ್ಬಿಣ ಒಂದು ನೀರಿನಲ್ಲಿ ಅನುಮಾನದ್ದು, ಇನ್ನೊಂದು ನೀರಿನಲ್ಲಿ ನಂಬಿಕೆಯದು. ಮಗ ಗೋವೆಯಿಂದ ಸತುವಿನ ಲೇಪವಿದ್ದ ಉಕ್ಕಿನ ಒಂದು ಅಲಗಿನ ಲಂಗರನ್ನು ಕಳಿಸಿದ, 7 ಕಿಲೋ ತೂಕದ್ದು. ಹೆಣ್ಣುಮಕ್ಕಳೂ ಒಂದೇ ಕೈಯಲ್ಲಿ ಎತ್ತಬಲ್ಲರು. ಅದು ಮುಖ್ಯ, ಯಾಕೆಂದರೆ ಹೊಳೆ ಬಂದಾಗ ದೋಣಿಯಲ್ಲಿ ಯಾರಿರುತ್ತಾರೋ ಹೇಳಲಾಗದು.

ಲಂಗರಿಗಿಂತ ಹೆಚ್ಚು ಚರ್ಚೆ ಆದದ್ದು ಹಗ್ಗದ ಬಗ್ಗೆ. ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗುವ ಹಳದಿ, ನೀಲಿ ಬಣ್ಣದ ಪ್ಲಾಸ್ಟಿಕ್ ಹಗ್ಗ ಅಗ್ಗ, ಹಗುರ, ಆದರೆ ನೀರಿನಲ್ಲಿ ತೇಲುತ್ತದೆ. ತೇಲುವ ಹಗ್ಗ ಮೋಟಾರಿನ ರೆಕ್ಕೆಗೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ನೈಲಾನ್ ಹಗ್ಗ ಮುಳುಗುತ್ತದೆ, ಎಳೆದಾಗ ಸ್ವಲ್ಪ ಹಿಗ್ಗಿ ಜಗ್ಗುವಿಕೆಯ ಪೆಟ್ಟನ್ನು ತಾನೇ ನುಂಗುತ್ತದೆ. ಲಂಗರಿನ ಕಡೆಯ ತುದಿಗೆ ಕೆಲವು ಮೀಟರ್ ಸರಪಳಿ ಬೇಕು. ಸರಪಳಿಯ ಭಾರಕ್ಕೆ ಲಂಗರಿನ ಕಾಂಡ ನೆಲಕ್ಕೆ ಒರಗಿ, ಎಳೆತ ಮೇಲಕ್ಕೆ ಬೀಳದೆ ಅಡ್ಡವಾಗಿ ಬೀಳುತ್ತದೆ. ಅಡ್ಡ ಎಳೆದರೆ ಲಂಗರು ಆಳಕ್ಕೆ ಹೋಗುತ್ತದೆ, ಮೇಲೆ ಎಳೆದರೆ ಕಿತ್ತು ಬರುತ್ತದೆ. ಕಲ್ಲಿಗೆ ಉಜ್ಜಿದರೂ ಸರಪಳಿ ಸವೆಯುವುದು ನಿಧಾನ. ಕಬ್ಬಿನ ಟ್ರೇಲರಿನ ಹಳೆಯ ಸರಪಳಿಯ 3 ಮೀಟರ್ ತುಂಡು, ಟ್ರ್ಯಾಕ್ಟರಿಗೆ ಹಾಕುವ ಡಿ-ಶಾಕಲ್ ನಮ್ಮ ಕೆಲಸಕ್ಕೆ ಸಾಕಾಯಿತು. ಶಾಕಲ್‌ನ ತಿರುಪು ಬಿಚ್ಚಿಕೊಳ್ಳದಂತೆ ತಂತಿ ಸುತ್ತಿದೆವು.

ಉದ್ದದ ಲೆಕ್ಕ ಹೀಗೆ. ಹಗ್ಗವಾದರೆ ಆಳದ ಏಳು ಪಟ್ಟು, ಬರೀ ಸರಪಳಿಯಾದರೆ ಐದು ಪಟ್ಟು ಬಿಡಬೇಕೆಂದು ಹಾಯಿದೋಣಿಯವರ ರೂಢಿ. ಆಳವನ್ನು ಅಳೆಯುವುದು ನೀರಿನ ಮೇಲ್ಮೈಯಿಂದಲ್ಲ, ಹಗ್ಗ ಕಟ್ಟಿದ ದೋಣಿಯ ಮೂತಿಯಿಂದ. ನೀರು 4 ಮೀಟರ್, ಮೂತಿ ನೀರಿನಿಂದ ಅರ್ಧ ಮೀಟರ್ ಮೇಲಿದ್ದರೆ ನಾಲ್ಕೂವರೆಯ ಏಳು ಪಟ್ಟು, ಎಂದರೆ 31.5 ಮೀಟರ್. ಹೊಳೆ ರಾತ್ರಿಯಲ್ಲಿ ಇನ್ನೊಂದು ಮೀಟರ್ ಏರಿದರೆ ಅದು 38.5 ಆಗುತ್ತದೆ. ನಾವು 40 ಮೀಟರ್ ತಂದೆವು. 20 ಮೀಟರ್ ಹಗ್ಗದಲ್ಲಿ ಭಾರಿ ಲಂಗರು ಕಟ್ಟುವುದಕ್ಕಿಂತ 40 ಮೀಟರ್ ಹಗ್ಗದಲ್ಲಿ ಹಗುರ ಲಂಗರು ಕಟ್ಟುವುದು ಮೇಲು.

ನೀರಿನ ಬಲದ ಲೆಕ್ಕ ಇದಕ್ಕಿಂತ ಹೆದರಿಕೆಯದು. ಹರಿವಿನ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಬೇಸಿಗೆಯಲ್ಲಿ ದೋಣಿಯನ್ನು ಸಲೀಸಾಗಿ ಹಿಡಿದಿಟ್ಟ ಲಂಗರಿಗೆ ಶ್ರಾವಣದ ಹೊಳೆ ಬೇರೆಯೇ ಪ್ರಶ್ನೆ. ಜೊತೆಗೆ ತೇಲಿಬರುವ ಮರ, ಜಲಕಳೆ, ಕಬ್ಬಿನ ರಾಶಿ ಹಗ್ಗಕ್ಕೆ ಅಡ್ಡ ಬಿದ್ದು ನಿಂತರೆ ಎಳೆತ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ಪೂರದಲ್ಲಿ ನಡುಹೊಳೆಯಲ್ಲಿ ಲಂಗರು ಹಾಕಿ ನಿಲ್ಲುವ ವಿಚಾರವನ್ನೇ ಮಾಡಬಾರದೆಂದು ಕಾಕಾನ ಕಟ್ಟಪ್ಪಣೆ. ಲಂಗರು ಬೇಕಾಗುವುದು ಮೋಟಾರು ನಿಂತುಹೋದಾಗ ಕೆಳಗಿನ ಸೇತುವೆಗೆ ಬಡಿಯದಂತೆ ತಡೆಯಲು, ದಂಡೆಯ ಮರ ನಂಬಿಕೆಗೆ ಅರ್ಹವಲ್ಲದಾಗ ಬದಿಯ ನಿಧಾನದ ನೀರಿನಲ್ಲಿ ದೋಣಿ ನಿಲ್ಲಿಸಲು.

ಇನ್ನೆರಡು ನೇಮಗಳನ್ನು ಕಾಕಾ ಹುಡುಗರಿಂದ ಬಾಯಿಪಾಠ ಮಾಡಿಸಿದರು. ಹರಿಯುವ ನೀರಿನಲ್ಲಿ ಲಂಗರಿನ ಹಗ್ಗ ದೋಣಿಯ ಮೂತಿಯಿಂದಲೇ ಹೋಗಬೇಕು, ಹಿಂಬದಿಯಿಂದ ಎಂದೂ ಅಲ್ಲ. ಹಿಂಬದಿ ತಗ್ಗು, ಅಗಲ. ಮೋಟಾರಿನ ಭಾರವೂ ಅಲ್ಲೇ. ಅಲ್ಲಿಂದ ಕಟ್ಟಿದರೆ ಹೊಳೆ ಆ ಕಡೆಯನ್ನು ಕೆಳಗೆ ಜಗ್ಗಿ ಒಳಗೆ ನುಗ್ಗುತ್ತದೆ. ಮುಂದಿನದು, ಹಗ್ಗ ಕಟ್ಟಿದ ಜಾಗದಲ್ಲಿಯೇ ಒಂದು ಹರಿತವಾದ ಕುಡಗೋಲು ಇರಬೇಕು. "ಹಿಡಕೊಳ್ಳಾಕ ಲಂಗರ, ಬಿಡಾಕ ಕುಡಗೋಲ. ಎರಡೂ ಬೇಕು."

ಹೊಲಗಳ ಮೇಲೆ ನೀರು ನಿಂತಾಗ ಬೇರೆ ಪೇಚಾಟ. ತಳದಲ್ಲಿ ಪಂಪ್‌ಸೆಟ್ಟಿನ ಪೈಪು, ಬೇಲಿಯ ತಂತಿ, ಕರೆಂಟಿನ ಕೇಬಲ್ಲು. ಲಂಗರು ಅವುಗಳಿಗೆ ಸಿಕ್ಕರೆ ಹಿಡಿಯುತ್ತದೆ, ಬಿಡುವುದಿಲ್ಲ. ಅದಕ್ಕೆ ಲಂಗರಿನ ತಲೆಯ ಕಡೆಗೆ ಇನ್ನೊಂದು ತೆಳುವಾದ ಹಗ್ಗ ಕಟ್ಟಿ, ಅದರ ತುದಿಗೆ ಮುಚ್ಚಳ ಭದ್ರವಾದ ಖಾಲಿ ಕ್ಯಾನು ಕಟ್ಟಿದ್ದೇವೆ. ಕ್ಯಾನು ತೇಲುತ್ತಿರುತ್ತದೆ. ಅದನ್ನು ಹಿಡಿದು ಜಗ್ಗಿದರೆ ಲಂಗರು ಹಿಮ್ಮುಖವಾಗಿ ಬಿಚ್ಚಿಕೊಂಡು ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಊರಿನ ಒಬ್ಬ ಹಿರಿಯರು ಕೇಳಿದ ಪ್ರಶ್ನೆ ಬೇರೆಯೇ ಇತ್ತು. ಸೇತುವೆಗಳಾಗಿವೆ, ಬಾಂದಾರಗಳಾಗಿವೆ, ಇನ್ನು ಈ ದೋಣಿಗೆ ಇಷ್ಟು ಖರ್ಚು ಯಾಕೆ? ಪ್ರಶ್ನೆ ಸುಳ್ಳಲ್ಲ. ಒಂದು ಕಾಲಕ್ಕೆ ನಮ್ಮ ಹೊಳೆಯುದ್ದಕ್ಕೂ ದೋಣಿಯ ದಾಟುಗಳಿದ್ದವು. ಕಾಗವಾಡ ತಾಲೂಕಿನ ಜುಗೂಳದಿಂದ ಆಚೆ ದಂಡೆಯ ಖಿದ್ರಾಪುರಕ್ಕೆ ಜನ ದೋಣಿಯಲ್ಲೇ ಹೋಗಿಬರುತ್ತಿದ್ದರು. ಖಿದ್ರಾಪುರ ಈಗ ಮಹಾರಾಷ್ಟ್ರದ ಶಿರೋಳ ತಾಲೂಕಿನಲ್ಲಿದೆ, ಅಲ್ಲಿಯ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ದಾಟಿದರೆ ರಾಜ್ಯ ಬದಲಾಗುತ್ತದೆ, ಮಾತು ಪೂರ್ತಿ ಬದಲಾಗುವುದಿಲ್ಲ. ಸೇತುವೆ ಬಂದ ಕಡೆಗಳಲ್ಲೆಲ್ಲ ದೋಣಿಗಳು ದಂಡೆಯ ಮೇಲೆ ಬೋರಲು ಬಿದ್ದವು. ಅಂಬಿಗರ ಮಕ್ಕಳು ಕಾರ್ಖಾನೆಗೆ, ಲಾರಿಗೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಸೇತುವೆ ನಮ್ಮ ಮೊದಲ ಲಂಗರು. ಅದು ಸೋಲುವ ಕಾರಣ ಒಂದೇ, ಏರುವ ನೀರು. ಆ ಒಂದು ಕಾರಣಕ್ಕೆ ಒಂದೇ ದಿನ ಹತ್ತಾರು ದಾಟುಗಳು ಒಟ್ಟಿಗೆ ಮುಳುಗುತ್ತವೆ. ಒಂದು ಸೇತುವೆಗೆ ಇನ್ನೊಂದು ಸೇತುವೆ ಎರಡನೆಯದಾಗುವುದಿಲ್ಲ, ಅವು ಒಂದೇ ಮರಕ್ಕೆ ಕಟ್ಟಿದ ಎರಡು ಹಗ್ಗಗಳು. ನೀರು ಏರಿದಷ್ಟೂ ಏರುವ ಸಾಧನ ದೋಣಿಯೊಂದೇ. ದೋಣಿ ಇಲ್ಲದ ಕಡೆ ಜನ ಬೆಲ್ಲದ ಕೊಪ್ಪರಿಗೆಯಲ್ಲಿ ಕುಳಿತು ಹೊಳೆ ದಾಟಿದ್ದುಂಟು. ಎರಡನೆಯದನ್ನು ಮೊದಲೇ ಆರಿಸಿ ಇಡದವರಿಗೆ ಆ ಹೊತ್ತಿನಲ್ಲಿ ಕೈಗೆ ಸಿಕ್ಕದ್ದೇ ಎರಡನೆಯದಾಗುತ್ತದೆ.

ಎರಡನೆಯದರ ಕಷ್ಟವೆಂದರೆ ಅದು ವರ್ಷಗಟ್ಟಲೆ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬಾರದ್ದನ್ನು ಜೋಪಾನ ಮಾಡುವುದು ಯಾರಿಗೂ ಬೇಡದ ಕೆಲಸ. ಹಾಯಿದೋಣಿಗಳಲ್ಲಿಯೂ ಎರಡನೆಯ ಲಂಗರು ಹಾಸಿಗೆ, ಡಬ್ಬಿ, ಹಾಯಿಗಳ ಕೆಳಗೆ ಹೂತುಹೋಗಿರುತ್ತದೆಯಂತೆ. ಬೇಕಾದಾಗ ಹುಡುಕಲು ಅರ್ಧ ತಾಸು ಬೇಕಾದರೆ ಅದು ಇಲ್ಲದ ಹಾಗೆಯೇ. ಆ ಅರ್ಧ ತಾಸನ್ನು ಗಾಳಿಯೂ ಕೊಡುವುದಿಲ್ಲ, ಹೊಳೆಯೂ ಕೊಡುವುದಿಲ್ಲ.

ನಮ್ಮಲ್ಲಿ ಈಗ ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿದು ಮೆರೆಸಿದ ಮರುದಿನ ದೋಣಿಯ ಕೆಲಸ. ಮಳೆಗಾಲ ಶುರುವಾಗುವ ಹೊತ್ತಿಗೆ ಅದು ಸರಿಯಾಗಿ ಬರುತ್ತದೆ. ಶಾಕಲ್‌ಗೆ ಗ್ರೀಸು, ಹಗ್ಗವನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಸವರಿ ಎಲ್ಲಿ ಸವೆದಿದೆ ಎಂದು ನೋಡುವುದು, ಕುಡಗೋಲು ಹಣಿಸುವುದು. ಹದಿನೈದು ದಾಟಿದ ಎಂಟೂ ಮನೆಯ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಲಂಗರು ಇಳಿಸಿ ಎತ್ತಬೇಕು. ಕಾಕಾ ದಂಡೆಯ ಮೇಲೆ ಕುಳಿತು ನೋಡುತ್ತಾರೆ. ಎಸೆಯುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಲಂಗರನ್ನು ಎಸೆಯಬಾರದು, ಇಳಿಸಬೇಕು. ಅದು ತಳ ಮುಟ್ಟಿದ್ದು ಕೈಗೆ ತಿಳಿಯಬೇಕು, ಆಮೇಲೆ ಹಗ್ಗ ಬಿಡುತ್ತ ಹೋಗಬೇಕು. ಇಳಿಸುವ ಮೊದಲು ಪ್ರತಿಯೊಬ್ಬರನ್ನೂ ಅವರು ಒಂದೇ ಮಾತು ಕೇಳುತ್ತಾರೆ:

"ಹಗ್ಗದ ಈ ಕಡಿ ತುದಿ ದ್ವಾಣಿಗಿ ಕಟ್ಟೀರಿಲ್ಲೋ? ಮದ್ಲ ಅದನ್ನ ನೋಡ್ರಿ."